ಆರನೇ ದಿನ ಮತ್ತು ಗೋವಿನಜೋಳದ ರಾಶಿ: ಒಂದು ಹಾವು ಕಡಿತದ ಪ್ರಕರಣ ಅಧ್ಯಯನ

"ಹುಬ್ಬಳ್ಳಿಗೆ ಬರದ್ ಕೊಟ್ಟಾರ." ನಮ್ಮ ಕಡೆ ಹಳ್ಳಿಯಲ್ಲಿ ಈ ಮಾತು ಬಿದ್ದರೆ ಮನೆಯಲ್ಲಿ ಮೊದಲು ಹುಡುಕುವುದು ಬೀಗ, ಆಮೇಲೆ ರೇಷನ್ ಕಾರ್ಡ್, ಆಮೇಲೆ ಸಾಲ ಕೊಡುವವರು. ತಾಲೂಕಿನ ಡಾಕ್ಟರ್ ಕೈಯಲ್ಲಿ ಆಗುವಷ್ಟು ಆಯಿತು, ಮುಂದಿನದು ದೊಡ್ಡ ದವಾಖಾನೆ ಅಂತ ಅರ್ಥ. 1997ರವರೆಗೆ ಗದಗ, ಹಾವೇರಿ ಎರಡೂ ಧಾರವಾಡ ಜಿಲ್ಲೆಯೊಳಗೇ ಇದ್ದವು. ಹುಬ್ಬಳ್ಳಿಯಲ್ಲಿ ಸರ್ಕಾರಿ ಮೆಡಿಕಲ್ ಕಾಲೇಜು ಶುರುವಾಗಿದ್ದು 1957ರಲ್ಲಿ. ಈಗ ಗದಗಿನಲ್ಲೂ ಹಾವೇರಿಯಲ್ಲೂ ಮೆಡಿಕಲ್ ಕಾಲೇಜು ಬಂದಿವೆ. ಆದರೂ ಹಳೆ ರೂಢಿ ಸುಲಭಕ್ಕೆ ಬಿಡುವುದಿಲ್ಲ. ಕೇಸು ಗಂಭೀರ ಅನಿಸಿದರೆ ಗಾಡಿ ಹುಬ್ಬಳ್ಳಿ ಕಡೆಗೇ ತಿರುಗುತ್ತದೆ.

ನಾನು ಈ ಅವಳಿನಗರದ ಒಂದು ದೊಡ್ಡ ಆಸ್ಪತ್ರೆಯಲ್ಲಿ ಸಮಾಜ ಕಾರ್ಯಕರ್ತೆ. ವಾರ್ಡಿನವರು ನನ್ನನ್ನು "ಕಾಗದದ ಮೇಡಂ" ಅಂತಾರೆ. ಯಾರ ಆಧಾರ್ ಹೊಂದುತ್ತಿಲ್ಲ, ಯಾರ ಕಾರ್ಡಿನಲ್ಲಿ ಹೆಸರಿಲ್ಲ ಅಂತ ನೋಡುವುದರಲ್ಲೇ ದಿನದ ಅರ್ಧ ಹೋಗುತ್ತದೆ. ಇಲ್ಲಿ ಬರೆಯುತ್ತಿರುವುದು ಒಂದೇ ಕೇಸು. ಆಸ್ಪತ್ರೆಯ ಹೆಸರು, ರೋಗಿಯ ಹೆಸರು, ಊರು ಯಾವುದೂ ಹಾಕಿಲ್ಲ. ಮನೆಯವರನ್ನು ಕೇಳಿಯೇ ಬರೆಯುತ್ತಿದ್ದೇನೆ. "ಬರೀರಿ, ಆದ್ರ ನಮ್ಮ ಯಜಮಾನ್ರನ್ನ ಭಾಳ ಕೆಟ್ಟವ್ರನ್ನ ಮಾಡಬ್ಯಾಡ್ರಿ" ಅಂತ ಹಾವು ಕಡಿಸಿಕೊಂಡ ಹೆಣ್ಣುಮಗಳು ನಕ್ಕಿದ್ದಳು.

ಹೊಲದಿಂದ ತಾಲೂಕಿನವರೆಗೆ

ಹಾವೇರಿ ಜಿಲ್ಲೆಯ ಒಂದು ಹಳ್ಳಿ. 2024ರ ಅಕ್ಟೋಬರ್ ಕೊನೆ. ಮೂರೂವರೆ ಎಕರೆ ಗೋವಿನಜೋಳ, ಅದರಲ್ಲಿ ಒಂದೂವರೆ ಎಕರೆ ಲಾವಣಿಗೆ, ಅಂದರೆ ಗುತ್ತಿಗೆಗೆ, ಮಾಡಿದ್ದು. ತೆನೆ ಮುರಿಯುವ ಕೆಲಸ ನಡೆದಿತ್ತು. ಸಂಜೆ ಐದೂವರೆ ಹೊತ್ತಿಗೆ ಒಣಗಿದ ಸೊಪ್ಪೆಯ ಸಾಲು ದಾಟುವಾಗ ಅವಳ ಬಲಗಾಲಿನ ಹಿಮ್ಮಡಿಗೆ ಏನೋ ಬಡಿಯಿತು. ವಯಸ್ಸು ಮೂವತ್ತೆಂಟು. ಕಾಲಲ್ಲಿ ಹವಾಯಿ ಚಪ್ಪಲಿ. ಮೊದಲು ಮುಳ್ಳು ಅಂದುಕೊಂಡಳಂತೆ. ಬಗ್ಗಿ ನೋಡಿದರೆ ದಪ್ಪ ಹಾವು, ಮೈಮೇಲೆ ಸರಪಳಿ ಹಾಗೆ ಕಂದು ಮಚ್ಚೆ, ಕುಕ್ಕರ್ ಸೀಟಿ ಬಿಡೋ ಮುಂಚೆ ಬರುವಂಥ ಬುಸುಗುಟ್ಟುವ ಸದ್ದು. ಮೈದುನನ ಮಗ ಮೊಬೈಲಲ್ಲಿ ಫೋಟೋ ತೆಗೆದ. ಕೊಳಕುಮಂಡಲ.

ಮುಂದಿನ ಮೂರು ತಾಸು ನಮ್ಮ ಹಳ್ಳಿಗಳಲ್ಲಿ ಹೇಗೆ ಹೋಗುತ್ತದೋ ಹಾಗೇ ಹೋಯಿತು. ಯಾರೋ ಟವೆಲ್ ಹರಿದು ಮೊಣಕಾಲ ಕೆಳಗೆ ಬಿಗಿಯಾಗಿ ಕಟ್ಟಿದರು. ಇನ್ಯಾರೋ ಬೇವಿನ ಎಲೆ ಅಗಿಸಿದರು. ಕಹಿ ಅನಿಸಿದರೆ ವಿಷ ಏರಿಲ್ಲ ಅಂತ ಲೆಕ್ಕ. ಕಹಿ ಅನಿಸಿತು! ಎಲ್ಲರಿಗೂ ಧೈರ್ಯ ಬಂತು. ಪಕ್ಕದ ಊರಲ್ಲಿ ಔಷಧ ಕೊಡುವ ಅಜ್ಜ ಇದ್ದಾರೆ, ಅವರ ಹತ್ತಿರ ಬೈಕ್ ಮೇಲೆ ಕೂರಿಸಿಕೊಂಡು ಹೋದರು. ಅಜ್ಜ ಬೇರು ತೇಯ್ದು ಕುಡಿಸಿ, ಒಂದು ತಾಸು ಮಲಗಬೇಡ ಅಂದರು. ದುಡ್ಡು ತೆಗೆದುಕೊಳ್ಳಲಿಲ್ಲ, ಇದನ್ನೂ ಹೇಳಬೇಕು. ಎಂಟೂವರೆಗೆ ಅವಳು ಬಾಯಿ ಮುಕ್ಕಳಿಸಿದಾಗ ನೀರು ಕೆಂಪಗಿತ್ತು. ಒಸಡಿನಿಂದ ರಕ್ತ ಬರುತ್ತಿತ್ತು. ಆಗ ಗಂಡನಿಗೆ ಕಾಲು ನಡುಗಿತು. 108ಕ್ಕೆ ಫೋನ್ ಮಾಡಿ ಕಾಯುವ ಬದಲು ಊರಿನದೇ ಒಂದು ಮಿನಿ ಲಾರಿಯಲ್ಲಿ ತಾಲೂಕು ಆಸ್ಪತ್ರೆಗೆ ಒಯ್ದರು.

ಮುಂದಿನದನ್ನು ನನಗೆ ಹೇಳಿದ್ದು ಗಂಡ. ಅವನಿಗೆ ಓದು ಕಡಿಮೆ, ಆದರೆ ನೋಡಿದ್ದು ಮರೆಯುವವನಲ್ಲ. ನರ್ಸ್ ಒಂದು ಗಾಜಿನ ಕೊಳವೆಯಲ್ಲಿ ಸ್ವಲ್ಪ ರಕ್ತ ತೆಗೆದು ಸ್ಟ್ಯಾಂಡಿನಲ್ಲಿ ಇಟ್ಟರು. ಯಾರೂ ಮುಟ್ಟಬೇಡಿ ಅಂದರು. ಗೋಡೆಯ ಗಡಿಯಾರ ನೋಡುತ್ತಾ ಇಪ್ಪತ್ತು ನಿಮಿಷ ಎಲ್ಲರೂ ಸುಮ್ಮನೆ ನಿಂತರು. ಡಾಕ್ಟರ್ ಬಂದು ಕೊಳವೆ ಮೆಲ್ಲಗೆ ವಾಲಿಸಿದರು. ರಕ್ತ ಹೆಪ್ಪುಗಟ್ಟಿರಲಿಲ್ಲ. "ಕುಂಕುಮದ ನೀರು ಚೆಲ್ಲಿದಂಗ ಹರೀತ್ರಿ" ಅಂದ ಅವನು.

ಇದು ಬಡವರ ಪರೀಕ್ಷೆ ಅಂತ ಕೆಲವರು ಮೂಗು ಮುರಿಯುತ್ತಾರೆ. ನನಗೆ ಹಾಗನಿಸುವುದಿಲ್ಲ. ಯಂತ್ರ ಬೇಡ, ಲ್ಯಾಬ್ ಬೇಡ, ರಾತ್ರಿ ಕರೆಂಟ್ ಹೋದರೂ ನಡೆಯುತ್ತದೆ. ಬೇಕಾಗಿರುವುದು ಎರಡು ಎಂಎಲ್ ರಕ್ತ, ಒಣಗಿದ ಶುದ್ಧ ಗಾಜಿನ ಕೊಳವೆ, ಇಪ್ಪತ್ತು ನಿಮಿಷದ ತಾಳ್ಮೆ. ಪ್ಲಾಸ್ಟಿಕ್ ಕೊಳವೆ ಆಗುವುದಿಲ್ಲ, ಸೋಪಿನಲ್ಲಿ ತೊಳೆದ ಕೊಳವೆಯೂ ಆಗುವುದಿಲ್ಲ, ಫಲಿತಾಂಶ ತಪ್ಪುತ್ತದೆ. ಮಂಡಲದ ವಿಷ ರಕ್ತ ಹೆಪ್ಪುಗಟ್ಟುವ ಶಕ್ತಿಯನ್ನೇ ತಿಂದುಹಾಕುತ್ತದೆ. ಹಾಗಾಗಿ ಹಾವಿನ ಫೋಟೋ ಇರಲಿ ಬಿಡಲಿ, ಕೊಳವೆಯೇ ಹೇಳುತ್ತದೆ. ಹಾವನ್ನು ಹೊಡೆದು ಚೀಲದಲ್ಲಿ ಕಟ್ಟಿ ತರುವವರಿಗೆ ನಾನು ಇದನ್ನೇ ಹೇಳುವುದು: ಅದನ್ನು ಹುಡುಕುವ ಹೊತ್ತಿನಲ್ಲಿ ನೀವು ಅರ್ಧ ದಾರಿ ಬಂದಿರುತ್ತಿದ್ದಿರಿ.

ಒಂದು ಫೋನ್

ತಾಲೂಕಿನ ಡ್ಯೂಟಿ ಡಾಕ್ಟರ್ ಚಿಕ್ಕ ವಯಸ್ಸಿನವರು. ಹಾವಿನ ವಿಷಕ್ಕೆ ಕೊಡುವ ಎಎಸ್‌ವಿ ಔಷಧ ಕಪಾಟಿನಲ್ಲಿತ್ತು. ಕೊಡಲು ಅಂಜಿಕೆ. ಅಂಜಿಕೆಗೆ ಕಾರಣವೂ ಇದೆ. ಈ ಔಷಧವನ್ನು ಕುದುರೆಗೆ ವಿಷ ಸ್ವಲ್ಪ ಸ್ವಲ್ಪ ಕೊಟ್ಟು, ಅದರ ರಕ್ತದಿಂದ ತಯಾರಿಸುತ್ತಾರೆ. ಕೆಲವರ ಮೈಗೆ ಅದು ಒಗ್ಗುವುದಿಲ್ಲ. ಮೈತುಂಬ ದದ್ದು, ಉಸಿರುಗಟ್ಟುವುದು, ಬಿಪಿ ಬಿದ್ದುಹೋಗುವುದು ಆಗಬಹುದು. ಅಡ್ರಿನಲಿನ್ ಇಂಜೆಕ್ಷನ್ ಸಿರಿಂಜಿನಲ್ಲಿ ತುಂಬಿ ಪಕ್ಕದಲ್ಲಿ ಇಟ್ಟುಕೊಂಡೇ ಶುರು ಮಾಡಬೇಕು. ಏನಾದರೂ ಆದರೆ ಬಾಗಿಲ ಹೊರಗೆ ನಿಂತಿರುವ ಇಪ್ಪತ್ತು ಜನ ಯಾರನ್ನು ಕೇಳುತ್ತಾರೆ? ಹಾಗಾಗಿ "ಹುಬ್ಬಳ್ಳಿಗೆ" ಅಂತ ಬರೆದುಕೊಟ್ಟು ಕೈತೊಳೆದುಕೊಳ್ಳುವುದು ಸುಲಭ. ದಾರಿಯಲ್ಲಿ ಕಳೆಯುವ ಎರಡು ತಾಸು ವಿಷಕ್ಕೆ ಬಿಟ್ಟುಕೊಟ್ಟ ಹಾಗೆ.

ಆ ಡಾಕ್ಟರ್ ಹಾಗೆ ಮಾಡಲಿಲ್ಲ. ಅವರು ಓದಿದ್ದು ನಮ್ಮಲ್ಲೇ. ಮೆಡಿಸಿನ್ ವಿಭಾಗದ ತಮ್ಮ ಸೀನಿಯರ್‌ಗೆ ಫೋನ್ ಹಚ್ಚಿದರು. ಮಾತು ನಾಲ್ಕು ನಿಮಿಷ. ಕಟ್ಟಿದ ಬಟ್ಟೆ ಬಿಚ್ಚುವ ಮುಂಚೆ ಡ್ರಿಪ್ ಹಾಕು, ಹತ್ತು ವಯಲ್ (ಔಷಧದ ಸಣ್ಣ ಸೀಸೆ) ಸಲೈನಿನಲ್ಲಿ ಸೇರಿಸಿ ಕೊಡು, ಅಡ್ರಿನಲಿನ್ ಕೈಯಲ್ಲಿರಲಿ, ನಾನು ಲೈನಿನಲ್ಲೇ ಇರ್ತೀನಿ. ಒಂಬತ್ತು ಮುಕ್ಕಾಲಿಗೆ ಔಷಧ ಶುರುವಾಯಿತು. ಮೈಗೆ ದದ್ದು ಎದ್ದವು, ಇಳಿದವು. ಅಷ್ಟೇ. ಆಮೇಲೆ 108ರಲ್ಲಿ ಹಾಕಿ ಕಳಿಸಿದರು. ಕೈಯಲ್ಲಿ ಒಂದು ಚೀಟಿ: ಎಷ್ಟು ಗಂಟೆಗೆ ಕಡಿತ, ಎಷ್ಟು ಗಂಟೆಗೆ ಕೊಳವೆ ಪರೀಕ್ಷೆ, ಎಷ್ಟು ವಯಲ್, ಮೂತ್ರ ಎಷ್ಟು. ಇಂಥ ಚೀಟಿ ನಮಗೆ ಸಿಗುವುದೇ ಅಪರೂಪ. ಎಷ್ಟೋ ಜನ ಬರಿಗೈಯಲ್ಲಿ ಬರುತ್ತಾರೆ, "ಅಲ್ಲಿ ಏನೋ ಸೂಜಿ ಮಾಡಿದ್ರು" ಅಂತಾರೆ.

ಒಂದು ಪ್ರಾದೇಶಿಕ ಆಸ್ಪತ್ರೆ ಸುತ್ತಲಿನ ಜಿಲ್ಲೆಗಳಿಗೆ ಏನು ಕೊಡುತ್ತದೆ ಅಂತ ಕೇಳಿದರೆ ಎಲ್ಲರೂ ಬೆಡ್ ಎಣಿಸುತ್ತಾರೆ, ವೆಂಟಿಲೇಟರ್ ಎಣಿಸುತ್ತಾರೆ. ಈ ಕೇಸಿನಲ್ಲಿ ನಮ್ಮ ಆಸ್ಪತ್ರೆಯ ಚಿಕಿತ್ಸೆ ಶುರುವಾಗಿದ್ದು ನಮ್ಮ ಗೇಟಿನಿಂದ ಎಷ್ಟೋ ದೂರದಲ್ಲಿ, ರಾತ್ರಿ ಒಂಬತ್ತು ದಾಟಿದ ಮೇಲೆ, ಒಬ್ಬ ಸೀನಿಯರ್ ಊಟದ ತಟ್ಟೆ ಪಕ್ಕಕ್ಕೆ ಸರಿಸಿ ಮಾತಾಡಿದ್ದರಿಂದ. ಅದಕ್ಕೆ ಯಾವ ರಿಜಿಸ್ಟರ್ ಇಲ್ಲ.

ಅಂದಹಾಗೆ 2024ರ ಫೆಬ್ರವರಿಯಲ್ಲಿ ಕರ್ನಾಟಕ ಸರ್ಕಾರ ಹಾವು ಕಡಿತವನ್ನು ಕಡ್ಡಾಯವಾಗಿ ವರದಿ ಮಾಡಬೇಕಾದ ಕಾಯಿಲೆ ಅಂತ ಘೋಷಿಸಿತು. ಖಾಸಗಿಯವರೂ ವರದಿ ಮಾಡಬೇಕು. 2000ದಿಂದ 2019ರವರೆಗಿನ ಲೆಕ್ಕ ಹಾಕಿದ ಒಂದು ದೊಡ್ಡ ಅಧ್ಯಯನದ ಪ್ರಕಾರ ದೇಶದಲ್ಲಿ ವರ್ಷಕ್ಕೆ ಸರಾಸರಿ 58,000 ಜನ ಹಾವು ಕಡಿದು ಸತ್ತಿದ್ದಾರೆ. ಅದರಲ್ಲಿ ಬಹಳಷ್ಟು ಸಾವು ಆಸ್ಪತ್ರೆಯ ಲೆಕ್ಕಕ್ಕೆ ಬಂದೇ ಇಲ್ಲ, ಮನೆಯಲ್ಲೋ ದಾರಿಯಲ್ಲೋ ಆಗಿವೆ. ಎಣಿಸದಿದ್ದರೆ ಯಾವ ತಾಲೂಕಿಗೆ ಎಷ್ಟು ವಯಲ್ ಕಳಿಸಬೇಕು ಅಂತ ತಿಳಿಯುವುದಾದರೂ ಹೇಗೆ?

ವಾರ್ಡ್

ರಾತ್ರಿ ಹನ್ನೆರಡೂವರೆಗೆ ಬಂದಳು. ಆರು ತಾಸು ಕಳೆದು ಮತ್ತೆ ಕೊಳವೆ ಪರೀಕ್ಷೆ, ಮತ್ತೆ ಹರಿಯಿತು, ಮತ್ತೆ ಹತ್ತು ವಯಲ್. ಮರುದಿನ ಬೆಳಿಗ್ಗೆ ರಕ್ತ ಹೆಪ್ಪುಗಟ್ಟಿತು. ಎಲ್ಲರೂ ಉಸಿರುಬಿಟ್ಟರು. ಆದರೆ ಮೂತ್ರ ಬರಲಿಲ್ಲ. ಬಂದ ಸ್ವಲ್ಪವೂ ಕಪ್ಪು ಚಹಾದ ಬಣ್ಣ. ಕೊಳಕುಮಂಡಲ ಕಡಿದವರಲ್ಲಿ ಕಿಡ್ನಿ ಕೈಕೊಡುವುದು ನಮಗೆ ಹೊಸದಲ್ಲ. ತಡವಾದಷ್ಟೂ ಜಾಸ್ತಿ. ಮೂರನೇ ದಿನ ಕುತ್ತಿಗೆಗೆ ನಳಿಕೆ ಹಾಕಿ ಮೊದಲ ಡಯಾಲಿಸಿಸ್ ಮಾಡಿದರು. ದಿನ ಬಿಟ್ಟು ದಿನ ಮಾಡಬೇಕು, ಕಿಡ್ನಿ ತಾನಾಗೇ ಏಳುವವರೆಗೆ. ಹೆಚ್ಚಿನವರಲ್ಲಿ ಏಳುತ್ತದೆ. ಯಾವಾಗ ಅಂತ ಮಾತ್ರ ಯಾರೂ ಹೇಳಲಾರರು.

ಕಾಗದದ ತೊಂದರೆ ನಾನು ಅಂದುಕೊಂಡಂತೆಯೇ ಇತ್ತು. ಆಯುಷ್ಮಾನ್ ಭಾರತ್ ಆರೋಗ್ಯ ಕರ್ನಾಟಕದಲ್ಲಿ ಬಿಪಿಎಲ್ ಕುಟುಂಬಕ್ಕೆ ವರ್ಷಕ್ಕೆ 5 ಲಕ್ಷದವರೆಗೆ ಸೌಲಭ್ಯ ಇದೆ. ರೇಷನ್ ಕಾರ್ಡ್ ಮಾವನ ಹೆಸರಿನದು, ಅದರಲ್ಲಿ ಇವಳಿಗೆ ಗಂಡನ ಮನೆಯಲ್ಲಿ ಇಟ್ಟ ಹೆಸರು, ಆಧಾರಿನಲ್ಲಿ ತವರಿನ ಹೆಸರು. ಗಂಡ ಒಂದು ಕೌಂಟರಿನಿಂದ ಇನ್ನೊಂದಕ್ಕೆ ನಾಲ್ಕು ಸಲ ತಿರುಗಿದ್ದ. ಬೋರ್ಡುಗಳಲ್ಲಿ ಬಾಣದ ಗುರುತು ಇವೆ, ಆದರೆ ಹೊಸಬನಿಗೆ ಯಾವ ಬಾಣ ಎಲ್ಲಿ ಮುಗಿಯುತ್ತದೆ ಅಂತ ತಿಳಿಯುವುದಿಲ್ಲ. ನನಗೇ ಮೊದಲ ತಿಂಗಳು ತಿಳಿದಿರಲಿಲ್ಲ. ಎರಡು ದಿನಕ್ಕೆ ಅದು ಸರಿಯಾಯಿತು, ಡಯಾಲಿಸಿಸ್ ಅದಕ್ಕಾಗಿ ನಿಲ್ಲಲಿಲ್ಲ. ಇದರ ಬಗ್ಗೆ ಹೆಚ್ಚು ಬರೆಯುವುದಿಲ್ಲ.

ಬರೆಯಬೇಕಾದ್ದು ವರಾಂಡದ ಬಗ್ಗೆ. ಒಬ್ಬ ರೋಗಿಗೆ ಒಬ್ಬರಿಗೇ ಪಾಸ್. ಉಳಿದವರು ವರಾಂಡದಲ್ಲಿ, ಮರದ ಕಟ್ಟೆಯ ಮೇಲೆ. ಕೊಪ್ಪಳದವರು, ಬಾಗಲಕೋಟೆಯವರು, ಮುಂಡಗೋಡ ಕಡೆಯವರು, ನವಲಗುಂದದವರು. ಚಾಪೆ, ಕೌದಿ, ಸ್ಟೀಲ್ ಡಬ್ಬಿ, ಒಂದು ಪ್ಲಗ್‌ಗೆ ಆರು ಮೊಬೈಲ್. ಯಾವ ಖಾನಾವಳಿಯಲ್ಲಿ ಎಕ್ಸ್‌ಟ್ರಾ ರೊಟ್ಟಿಗೆ ದುಡ್ಡಿಲ್ಲ, ಯಾವ ನರ್ಸಕ್ಕನನ್ನು ಯಾವ ಹೊತ್ತಿಗೆ ಮಾತಾಡಿಸಬಾರದು, ಎಲ್ಲ ಅಲ್ಲಿ ಗೊತ್ತಾಗುತ್ತದೆ. ಈ ಕೇಸಿನ ಅತ್ತೆ ದಿನ ಬಿಟ್ಟು ದಿನ ಬೆಳಗಿನ ಬಸ್ಸಿಗೆ ಬುತ್ತಿ ಕಟ್ಟಿಕೊಂಡು ಬರುತ್ತಿದ್ದರು. ತಾವು ಬರದ ದಿನ ಬುತ್ತಿಯನ್ನು ಕಂಡಕ್ಟರ್ ಕೈಗೆ ಕೊಟ್ಟು ಕಳಿಸುತ್ತಿದ್ದರು. ಧಾರವಾಡದಲ್ಲಿ ಓದುವ ಹಳ್ಳಿ ಹುಡುಗರಿಗೆ ಬುತ್ತಿ ಹೀಗೇ ಬರುತ್ತಿತ್ತು, ಅಲ್ವಾ? 2023ರ ಜೂನ್‌ನಲ್ಲಿ ಹೆಂಗಸರಿಗೆ ಬಸ್ ಉಚಿತವಾದ ಮೇಲೆ ವರಾಂಡದಲ್ಲಿ ಅತ್ತೆಯರು, ಅಕ್ಕಂದಿರು ಜಾಸ್ತಿ ಕಾಣುತ್ತಾರೆ. ಇದು ನನ್ನ ಕಣ್ಣಂದಾಜು. ಮೊದಲು ಒಬ್ಬರೇ ಬಂದು ಹದಿನೈದು ದಿನ ಕೂರುತ್ತಿದ್ದರು, ಈಗ ಸರದಿ ಮಾಡಿಕೊಳ್ಳುತ್ತಾರೆ.

ಆರನೇ ದಿನ

ಎರಡನೇ ಡಯಾಲಿಸಿಸ್ ಆಗಿತ್ತು. ಮೂರನೇದು ಮರುದಿನ. ಸಂಜೆ ಗಂಡ ನನ್ನ ಟೇಬಲ್ ಮುಂದೆ ಬಂದು ನಿಂತ. ಕೈಯಲ್ಲಿ ಮಡಚಿದ ಟವೆಲ್.

"ಮೇಡಂ, ನಾಳೆ ಬಿಡಸ್ಕೊಂಡ್ ಹೊಕ್ಕೀವ್ರಿ."

"ಯಾಕ್ರಿ?"

"ರಾಶಿ ಹೊಲದಾಗ ಬಿದ್ದೈತ್ರಿ. ತೆನಿ ಮುರದದ್ದು ಅರ್ಧ, ಮುರೀಲಾರದ್ದು ಅರ್ಧ. ಮ್ಯಾಲ ಮಾಡ ಕಟ್ಟೈತಿ. ತೊಯ್ದ್ರ ಬೂಷ್ಟು ಬಂದು ಯಾರೂ ತಗೊಳಂಗಿಲ್ಲ. ಸಾಲ ಮಾಡಿ ಬೀಜ ಗೊಬ್ಬರ ತಂದೀನ್ರಿ."

ನಾನು ತಪ್ಪು ಮಾಡಿದೆ. ಬೈದೆ. ಕುತ್ತಿಗೆಯಲ್ಲಿ ನಳಿಕೆ ಇದೆ, ಕಿಡ್ನಿ ಕೆಲಸ ಮಾಡ್ತಿಲ್ಲ, ಮನೆಗೆ ಒಯ್ದರೆ ನಾಲ್ಕು ದಿನಕ್ಕೆ ಹೋಗ್ತಾಳೆ, ನಿಮಗೆ ಜೋಳ ದೊಡ್ಡದಾ ಅಂದೆ. ಅವನು ಏನೂ ಹೇಳಲಿಲ್ಲ. ಟವೆಲಿನಿಂದ ಮುಖ ಒರೆಸಿಕೊಂಡು ಹೊರಗೆ ಹೋದ. ಹೆಂಡತಿಗಿಂತ ಜೋಳ ದೊಡ್ಡದು ಅಂತ ಅವನು ಹೇಳಿರಲೇ ಇಲ್ಲ. ಅವನಿಗೆ ಎರಡೂ ಒಂದೇ ಲೆಕ್ಕದಲ್ಲಿದ್ದವು: ಜೋಳ ಹೋದರೆ ಮುಂದಿನ ವಾರ ಊಟ, ಔಷಧ, ಬಸ್ಸು, ಮಗಳ ಶಾಲೆ ಯಾವುದಕ್ಕೂ ಕೈಯಲ್ಲಿ ಏನೂ ಇರುವುದಿಲ್ಲ. ಚಿಕಿತ್ಸೆಗೆ ದುಡ್ಡಿಲ್ಲ ಅಂತ ಕೂಡ ಇಲ್ಲಿ ಹೇಳುವಂತಿರಲಿಲ್ಲ, ಚಿಕಿತ್ಸೆ ಪುಕ್ಕಟೆ. ಅವನು ಜೇಬಿನಿಂದ ತೆಗೆದು ತೋರಿಸಿದ್ದ ಪುಟ್ಟ ನೋಟ್‌ಬುಕ್ಕಿನಲ್ಲಿ ಇದ್ದದ್ದು ಬೇರೆ: ಚಹಾ, ನಾಷ್ಟಾ, ಎಳನೀರು, ಗಾಡಿ ಬಾಡಿಗೆ, ಡೈಪರ್, ಮೊಬೈಲ್ ಕರೆನ್ಸಿ. ಕೊನೆಗೆ "ಕೂಲಿ ಹೋದದ್ದು, 6 ದಿನ" ಅಂತ ಬರೆದು ಅದರ ಮುಂದೆ ಅಂಕಿ ಹಾಕದೆ ಬಿಟ್ಟಿದ್ದ.

ರೈತ ಹಾವು ಕಡಿದು ಸತ್ತರೆ ಕೃಷಿ ಇಲಾಖೆಯಿಂದ ಮನೆಯವರಿಗೆ 2 ಲಕ್ಷ ಪರಿಹಾರ ಇದೆ. ಕಡಿದು ಬದುಕಿದವರ ಹೊಲದಲ್ಲಿ ಬಿದ್ದ ರಾಶಿಗೆ ಯಾವ ಅರ್ಜಿ ನಮೂನೆಯೂ ನನ್ನ ಟೇಬಲ್ಲಿನಲ್ಲಿ ಇಲ್ಲ.

ಆ ರಾತ್ರಿ ಅವನನ್ನು ತಡೆದಿದ್ದು ನಾನಲ್ಲ, ಡಾಕ್ಟರೂ ಅಲ್ಲ. ವರಾಂಡದಲ್ಲಿ ಗದಗ ಕಡೆಯ ಒಬ್ಬ ಅಜ್ಜಿ ಇದ್ದರು. ತಮ್ಮ ಗಂಡನ ಇನ್ನೇನೋ ಕಾಯಿಲೆಗೆ ಬಂದವರು. ಹಿಂದಿನ ವರ್ಷ ಮಗನಿಗೆ ಇದೇ ಹಾವು ಕಡಿದಿತ್ತಂತೆ. "ತಮ್ಮಾ, ನಮ್ಮ ಹುಡುಗನ್ನೂ ನಾಕ್ ಸಲ ಮಿಶೀನಿಗೆ ಹಾಕಿದ್ರು. ಐದನೇದಕ್ಕ ಉಚ್ಚಿ ಬಂತು. ಉಚ್ಚಿ ಬಂದ ದಿನ ನಾ ಇಲ್ಲೇ ಎಲ್ಲಾರಿಗೂ ಸಕ್ರಿ ಹಂಚೇನಿ. ಇನ್ನೊಂದ್ ನಾಕ್ ದಿನ ತಡಿ." ಡಾಕ್ಟರ್ ಅದೇ ಮಾತನ್ನು ಮೂರು ಸಲ ಹೇಳಿದ್ದರು. ಆದರೆ ಡಾಕ್ಟರ್ ಸಕ್ಕರೆ ಹಂಚಿರಲಿಲ್ಲ.

ಇನ್ನು ಜೋಳ. ಬೈದದ್ದಕ್ಕೆ ನನಗೆ ರಾತ್ರಿ ನಿದ್ದೆ ಬರಲಿಲ್ಲ. ಬೆಳಿಗ್ಗೆ ಆ ಊರಿನ ಆಶಾ ಕಾರ್ಯಕರ್ತೆಯ ನಂಬರ್ ಹುಡುಕಿ ಫೋನ್ ಮಾಡಿದೆ. ಬಿಪಿ, ಇಂಜೆಕ್ಷನ್, ಬಾಣಂತಿ ಯಾವುದೂ ಅಲ್ಲ, ಗೋವಿನಜೋಳದ ವಿಷಯ ಅಂದಾಗ ಆ ಅಕ್ಕ ಒಂದು ಕ್ಷಣ ಸುಮ್ಮನಾದರು. ಆಮೇಲೆ, "ಅಯ್ಯ, ಅಷ್ಟೇನ್ರಿ? ಮುಯ್ಯಾಳ ಮಾಡಿ ಮುರಸ್ತೀವ್ರಿ, ಅವ್ರೂ ನಮ್ಮನಿ ಹೊಲಕ್ಕ ಬಂದಾರ" ಅಂದರು. ಸ್ವಸಹಾಯ ಸಂಘದ ಹೆಂಗಸರು, ಓಣಿಯ ನಾಲ್ಕು ಹುಡುಗರು ಸೇರಿ ಎರಡು ದಿನದಲ್ಲಿ ತೆನೆ ಮುರಿದರು. ಬೂಟು, ಉದ್ದನೆ ಕೋಲು ಇಟ್ಟುಕೊಂಡೇ ಹೊಲಕ್ಕೆ ಇಳಿದರಂತೆ. ರಾಶಿ ಮಷಿನ್ ಬಾಡಿಗೆ ಆಮೇಲೆ ಕೊಡುವ ಮಾತಾಯಿತು. ಕಾಳನ್ನು ರಸ್ತೆ ಬದಿ ಹರವಿ, ತಾಡಪತ್ರಿ ಮುಚ್ಚಿ, ಒಂದು ಫೋಟೋ ಕಳಿಸಿದರು.

ಆ ಫೋಟೋವನ್ನು ಗಂಡ ಹೆಂಡತಿಗೆ ತೋರಿಸುವಾಗ ನಾನು ವಾರ್ಡಿನಲ್ಲೇ ಇದ್ದೆ. ನಾಲ್ಕನೇ ಡಯಾಲಿಸಿಸ್ ಮುಗಿಸಿ ಬಂದಿದ್ದಳು, ಮುಖ ಊದಿಕೊಂಡಿತ್ತು. ಫೋನನ್ನು ಹತ್ತಿರ ಹಿಡಿದು, ಎರಡು ಬೆರಳಲ್ಲಿ ಚಿತ್ರ ದೊಡ್ಡದು ಮಾಡಿ ನೋಡಿದಳು. "ಆ ತುದೀಗೆ ತಾಡಪತ್ರಿ ಹರದೈತಲ್ಲ, ಅಲ್ಲಿ ನೀರ ಇಳೀತೈತಿ, ಹೇಳು" ಅಂದಳು. ನಾಲ್ಕು ದಿನದಲ್ಲಿ ಅವಳು ಆಡಿದ ಅತಿ ಉದ್ದದ ಮಾತು ಅದು.

ಚಿಕಿತ್ಸೆ ಅರ್ಧಕ್ಕೆ ಬಿಟ್ಟು ಹೋಗುವವರ ಫೈಲಿನಲ್ಲಿ ನಾವು "ಸ್ವಂತ ಜವಾಬ್ದಾರಿಯ ಮೇಲೆ" ಅಂತ ಸಹಿ ಹಾಕಿಸಿಕೊಳ್ಳುತ್ತೇವೆ. ಯಾಕೆ ಹೋದರು ಅಂತ ಬರೆಯುವ ಜಾಗ ಅದರಲ್ಲಿ ಒಂದು ಗೆರೆ. ಆ ಗೆರೆಯಲ್ಲಿ ಎಷ್ಟು ಎಮ್ಮೆ, ಎಷ್ಟು ಹೆಸರುಕಾಳಿನ ರಾಶಿ, ಎಷ್ಟು ಮದುವೆ, ಎಷ್ಟು ಬಡ್ಡಿ ಮುಚ್ಚಿಹೋಗಿದೆಯೋ. ಈ ಕೇಸಾದ ಮೇಲೆ ನಾನು ದಾಖಲಾದ ಎರಡನೇ ದಿನವೇ ಕೇಳುತ್ತೇನೆ: ಮನೆಯಲ್ಲಿ ದನ ಯಾರು ನೋಡ್ತಾರೆ, ಹೊಲದಲ್ಲಿ ಏನಿದೆ, ಯಾವಾಗ ಕೊಯ್ಲು? ಸಹೋದ್ಯೋಗಿಯೊಬ್ಬರು ನಕ್ಕರು, "ಮೇಡಂ ಕೃಷಿ ಇಲಾಖೆಗೆ ಟ್ರಾನ್ಸ್‌ಫರ್ ಆಗ್ಯಾರ" ಅಂತ. ಎಲ್ಲ ಊರಲ್ಲೂ ಮುಯ್ಯಾಳು ಸಿಗುವುದಿಲ್ಲ, ಅದೂ ನಿಜ. ಇದೇ ರೀತಿ ಮಾಡಿದ ಇನ್ನೆರಡು ಫೋನುಗಳಿಂದ ಏನೂ ಆಗಲಿಲ್ಲ. ಒಂದು ಊರಲ್ಲಿ ಜಗಳ ಇತ್ತು, ಇನ್ನೊಂದರಲ್ಲಿ ಎಲ್ಲರೂ ಗೋವಾಕ್ಕೆ ದುಡಿಯಲು ಹೋಗಿದ್ದರು.

ಆಮೇಲೆ

ಐದನೇ ಡಯಾಲಿಸಿಸ್ ಆದ ಮೇಲೆ ಮೂತ್ರ ಬಂತು. ಆರನೇದು ಮಾಡಿ ನಿಲ್ಲಿಸಿದರು. ಹದಿನೇಳನೇ ದಿನ ಮನೆಗೆ. ಅತ್ತೆ ಸಕ್ಕರೆ ಹಂಚಲಿಲ್ಲ, ಶೇಂಗಾ ಉಂಡಿ ಹಂಚಿದರು. ಎರಡು ಸಲ ತಪಾಸಣೆಗೆ ಬಂದಳು, ಎರಡನೇ ಸಲ ಕಿಡ್ನಿ ರಿಪೋರ್ಟ್ ಸರಿಯಾಗಿತ್ತು. ಮೂರನೇ ಸಲ ಬರಲಿಲ್ಲ. ಫೋನ್ ಮಾಡಿದರೆ "ಆರಾಮ ಅದೇನ್ರಿ, ಮೆಣಸಿನಕಾಯಿ ಬಿಡಸಾಕ ಬಂದೇನಿ" ಅಂದಳು. ಗದ್ದಲದಲ್ಲಿ ಫೋನ್ ಕಟ್ಟಾಯಿತು.

ಔಷಧದ ಅಜ್ಜನ ಹತ್ತಿರ ಆಶಾ ಅಕ್ಕ ಮತ್ತು ತಾಲೂಕಿನ ಅದೇ ಚಿಕ್ಕ ಡಾಕ್ಟರ್ ಹೋಗಿ ಬಂದರು. ಬೈಯಲಿಲ್ಲ. ಗಾಜಿನ ಕೊಳವೆಯ ಕತೆ ಹೇಳಿದರು. ಅಜ್ಜ ಬೇರು ಕೊಡುವುದನ್ನು ಬಿಟ್ಟಿಲ್ಲ. ಆದರೆ ಈಗ ಬಂದವರಿಗೆ ಮೊದಲು "ಗಾಡಿ ಚಾಲೂ ಇಡ್ರಿ" ಅಂತಾರೆ, ಹಣೆಗೆ ವಿಭೂತಿ ಹಚ್ಚಿ ಕಳಿಸುತ್ತಾರೆ. ಬಟ್ಟೆ ಬಿಗಿಯಾಗಿ ಕಟ್ಟಬೇಡಿ, ಕಾಲು ಅಲುಗಾಡಿಸಬೇಡಿ ಅಂತಲೂ ಹೇಳುತ್ತಾರಂತೆ. ವಿಭೂತಿಗೆ ಅರ್ಧ ನಿಮಿಷ ಸಾಕು. ನನ್ನ ತಕರಾರಿಲ್ಲ.

ಮರುವರ್ಷ ಜೂನ್‌ನಲ್ಲಿ, ಬಿತ್ತನೆ ಹೊತ್ತಿಗೆ, ಅದೇ ಓಣಿಯ ಹದಿನಾಲ್ಕು ವರ್ಷದ ಹುಡುಗನಿಗೆ ಹಾವು ಕಡಿಯಿತು. ಐವತ್ತು ನಿಮಿಷದಲ್ಲಿ ತಾಲೂಕು ಆಸ್ಪತ್ರೆಯಲ್ಲಿದ್ದ. ಅವನನ್ನು ಬೈಕಿನಲ್ಲಿ ಮಧ್ಯೆ ಕೂರಿಸಿಕೊಂಡು ಒಯ್ದವನು ನಮ್ಮ ಕೇಸಿನ ಗಂಡ. ಕೊಳವೆ ವಾಲಿಸಿದರೆ ರಕ್ತ ಗಟ್ಟಿಯಾಗಿ ನಿಂತಿತ್ತು. ಇಪ್ಪತ್ತನಾಲ್ಕು ತಾಸು ಇಟ್ಟುಕೊಂಡು ನೋಡಿದರು. ಏನೂ ಆಗಲಿಲ್ಲ, ಎಲ್ಲರ ಅಂದಾಜಿನಲ್ಲಿ ಅದು ಕೇರೆಹಾವು. ಎಎಸ್‌ವಿ ಕೊಡದೆಯೇ ಮನೆಗೆ ಕಳಿಸಿದರು. ಗಂಡ ನನಗೆ ಫೋನ್ ಮಾಡಿ ಎಲ್ಲ ವರದಿ ಒಪ್ಪಿಸಿದ. ಹಿಂದಿನಿಂದ ಹುಡುಗನ ಅಜ್ಜಿಯ ದನಿ ಕೇಳುತ್ತಿತ್ತು: "ಕೇರಿಹಾವಿಗೆ ಒಂದ್ ದಿನಾ ಬಿತ್ತಿಗಿ ಹಾಳ ಮಾಡಿದ್ರಿ, ಹದಾ ಹೋತು!"